ಕನ್ನಡಿ ಗೋಡೆಯ ಹುಳ

ಅವ್ವ ತೀರಿಕೊಂಡ ಮೇಲಿನ ಮಳೆಗಾಲದಲ್ಲಿ ನಮ್ಮ ಪಡಸಾಲೆಯ ಗೋಡೆ ನಡೆಯತೊಡಗಿತು. ಹೀಗೆ ಬರೆದರೆ ಮುದುಕಿಗೆ ಅರುಳು ಮರುಳು ಎಂದುಕೊಳ್ಳುವವರು ಇದ್ದಾರೆ. ಅಂದುಕೊಳ್ಳಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೊಟ್ಟೆ, ಮರಿಹುಳ, ಕೋಶ, ಪತಂಗ ಎಂದು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಚಕ್ರ ಬರೆದು, ಹಿಂದಿನ ಬೆಂಚಿನವರಿಂದಲೂ ಬಾಯಿಪಾಠ ಮಾಡಿಸಿದವಳು. ಆ ಮಳೆಗಾಲದಲ್ಲಿ ಗೋಡೆಯ ಮೇಲೆ ಕಂಡದ್ದರಲ್ಲಿ ಬಹಳಷ್ಟು ಆ ಚಕ್ರದೊಳಗೆ ಸರಿಯಾಗಿ ಕೂತುಬಿಡುತ್ತದೆ ಎಂಬುದು ನನಗೆ ಗೊತ್ತು. ಪೂರ್ತಿ ಕೂಡುವುದಿಲ್ಲ ಎಂಬುದೂ ಗೊತ್ತು. ಆಗ ನಾನಿನ್ನೂ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಮಣೆಯ ಮೇಲೆ ಹತ್ತಿ ನಿಲ್ಲಬೇಕಾದ ವಯಸ್ಸಿನವಳು.

ಐನಾಪುರದ ಊರಂಚಿನ ಆ ಮನೆಗೆ ಮಣ್ಣಿನ ದಪ್ಪ ಗೋಡೆಗಳು, ಮೇಲೆ ಜಂತಿಯ ಮಾಳಿಗೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರ ಜಗಲಿ, ಎಡಕ್ಕೆ ಎಮ್ಮೆಗಳ ಕೊಟ್ಟಿಗೆ. ಎಮ್ಮೆಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದೆವು. ಅವು ಬರುವಾಗ ನಾವು ದಾರಿ ಬಿಡಬೇಕಿತ್ತು, ನಾವು ಬರುವಾಗ ಅವು ಬಿಡುತ್ತಿರಲಿಲ್ಲ. ಕೃಷ್ಣೆಯ ನೀರು ಪೈಪಿನಲ್ಲಿ ಹೊಲಕ್ಕೆ ಬಂದ ಮೇಲೆ ಅಪ್ಪ ಹಿತ್ತಲಿನ ಗೋಡೆಗೆ ತಾಗುವವರೆಗೂ ಕಬ್ಬು ಹಚ್ಚಿದ್ದ. ಕಬ್ಬು ಕುಡಿದು ಮಿಕ್ಕ ನೀರನ್ನು ಮನೆ ಕುಡಿಯಿತು. ಪಡಸಾಲೆಯ ಗೋಡೆ ಕೆಳಗಿನಿಂದ ಸೊಂಟದೆತ್ತರದವರೆಗೆ ಕಪ್ಪಾಗಿ, ಬೇಸಿಗೆಯಲ್ಲೂ ಆರುತ್ತಿರಲಿಲ್ಲ. ಅಂಗೈ ಇಟ್ಟರೆ ಜ್ವರ ಬಿಟ್ಟವರ ಮೈಯ ಹಾಗೆ ತಣ್ಣಗೆ, ಒದ್ದೆಯಾಗಿ ಹತ್ತುತ್ತಿತ್ತು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ ಕಬ್ಬಿನ ಗರಿಗಳು ಹಿಂದಿನ ಗೋಡೆಯನ್ನು ಸವರುವ ಸಪ್ಪಳವೊಂದೇ ಮನೆಯಲ್ಲಿ ಉಳಿಯುತ್ತಿತ್ತು. ಆ ಸಪ್ಪಳಕ್ಕೆ ನಾನು ಎಂದೂ ಒಗ್ಗಿಕೊಳ್ಳಲಿಲ್ಲ.

ಆ ಪಡಸಾಲೆಯ ಗೋಡೆಗೆ ಅವ್ವನ ಕನ್ನಡಿ ಇತ್ತು. ಅವ್ವನಿಗೆ ಮೊಣಕಾಲು ಮುಟ್ಟುವ ಕೂದಲು, ಕಪ್ಪು ಅಂದರೆ ಎಮ್ಮೆಗಳೂ ನಾಚುವಷ್ಟು ಕಪ್ಪು. ಸೀಗೇಕಾಯಿ ಹಾಕಿ ತೊಳೆದು, ಕೊಟ್ಟಿಗೆಯ ಬಾಗಿಲ ಬಿಸಿಲಿನಲ್ಲಿ ಒಣಗಿಸಿ, ಕನ್ನಡಿಯ ಮುಂದೆ ನಿಂತು ಬಾಚುವಳು. ಬಾಚಣಿಗೆಗೆ ಬಂದ ಕೂದಲನ್ನು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ, ಕನ್ನಡಿಯ ಮೇಲೆ ಹಿಂದೆಂದೋ ಗೂಟ ಕಿತ್ತು ಉಳಿದಿದ್ದ ತೂತಿಗೆ ತುರುಕುತ್ತಿದ್ದಳು. ನಮ್ಮ ಕಡೆಯ ಹೆಂಗಸರೆಲ್ಲ ಹೀಗೆಯೇ ಮಾಡುತ್ತಿದ್ದರು. ಓಣಿಗೆ ಕೂದಲಿನವನು ಬಂದಾಗ ಉಂಡೆಗಳನ್ನೆಲ್ಲ ಕೊಟ್ಟು ಬದಲಿಗೆ ಪಾತ್ರೆ, ಸೂಜಿ, ಪಿನ್ನು ತೆಗೆದುಕೊಳ್ಳುವರು. ಅವ್ವನಿಗೆ ಒಂದು ಸ್ಟೀಲಿನ ಡಬ್ಬಿಯ ಮೇಲೆ ಮನಸ್ಸಿತ್ತು. ಕೂದಲಿನವನು ಬಂದು ಹೋದಾಗಲೆಲ್ಲ ಇನ್ನೊಂದಿಷ್ಟು ಕೂಡಲಿ ಎಂದು ಸುಮ್ಮನಾಗುತ್ತಿದ್ದಳು. ಆಮೇಲೆ ಜ್ವರ ಬಂತು, ಅವ್ವ ಹೋದಳು. ಚಿಕ್ಕೋಡಿಯ ಸ್ಟುಡಿಯೋದಲ್ಲಿ ಮದುವೆಯ ಫೋಟೋದಿಂದ ಅವಳ ಮುಖವೊಂದನ್ನೇ ಬಿಡಿಸಿ ದೊಡ್ಡದು ಮಾಡಿಸಿ ಅಪ್ಪ ತಂದ. ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ಕನ್ನಡಿಯ ಮೇಲೆಯೇ ತೂಗುಹಾಕಿಸಿದಳು. ದಿನಾ ಮುಂಜಾನೆ ಸ್ಟೂಲು ಹತ್ತಿ ಗಾಜಿನ ಮೇಲೆ ಕುಂಕುಮ ಹಚ್ಚುವಳು. ಮುತ್ತೈದೆಯಾಗಿ ಹೋದ ಸೊಸೆ; ಕುಂಕುಮ ತಪ್ಪಬಾರದು ಎಂಬುದು ಅವಳ ಹಟ.

ಮೊದಲು ಅದನ್ನು ನೋಡಿದವಳು ನಾನೇ. ಗೋಡೆಯ ಸುಣ್ಣ ಚಕ್ಕಳ ಎದ್ದಿದೆ ಎಂದುಕೊಂಡು ಉಗುರಿನಿಂದ ಕೀಳಲು ಹೋದೆ, ಅದು ಸರಿಯಿತು. ಕುಂಬಳದ ಬೀಜದ ಆಕಾರ, ಅದಕ್ಕಿಂತ ಚಿಕ್ಕದು. ನಡುವೆ ಅಗಲ, ಎರಡೂ ತುದಿ ಚೂಪು, ಚಪ್ಪಟೆ, ಬೂದಿಯ ಬಣ್ಣ. ಗೋಡೆಯದೇ ಮರಳು, ಗೋಡೆಯದೇ ಧೂಳು. ಸುಮ್ಮನೆ ನೋಡುತ್ತ ನಿಂತರೆ ಒಂದು ತುದಿಯಿಂದ ಕಂದು ತಲೆಯೊಂದು ಹೊರಗೆ ಬರುವುದು, ತಲೆಯ ಹಿಂದಿನ ಪುಟ್ಟ ಕಾಲುಗಳಿಂದ ಗೋಡೆಯನ್ನು ಹಿಡಿದು ಆ ಚೀಲವನ್ನು ಒಂದು ಎಳೆ ಮುಂದಕ್ಕೆ ಎಳೆದುಕೊಂಡು ಮತ್ತೆ ಒಳಗೆ ಅಡಗುವುದು. ಉಸಿರು ಬಿಟ್ಟರೂ ಅದಕ್ಕೆ ತಿಳಿಯುತ್ತಿತ್ತು. ಬಹಳ ಹೊತ್ತು ಕಾದರೆ ತಲೆ ಈ ತುದಿಯಿಂದಲ್ಲ, ಆ ತುದಿಯಿಂದ ಹೊರಬರುವುದು. ಇದಕ್ಕೆ ಎರಡು ತಲೆ ಎಂದೇ ನಾನು ನಂಬಿದ್ದೆ. ನಮ್ಮಲ್ಲಿ ಅದಕ್ಕೆ ಹೆಸರೇನೂ ಇರಲಿಲ್ಲ, ಗ್ವಾಡಿಹುಳ ಎನ್ನುತ್ತಿದ್ದೆವು. ಒಂದೆರಡು ಯಾರ ಮನೆಯಲ್ಲಾದರೂ ಇರುತ್ತವೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಗೋಡೆಯ ಮೇಲೆ ಮಳೆಗಾಲ ಏರಿದ ಹಾಗೆ ಅವು ಹೆಚ್ಚಿದವು. ಎಲ್ಲವೂ ಅವ್ವನ ಫೋಟೋದ ಹಿಂದಿನಿಂದ ಇಳಿದು ಬರುತ್ತಿದ್ದವು.

ಆಯಿಯನ್ನು ಕರೆದು ತೋರಿಸಿದೆ. ಅವಳಿಗೆ ಕಣ್ಣು ಮಂದವಾಗಿತ್ತು. ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಒಂದು ಚೀಲದ ಅಂಚಿನಲ್ಲಿ ಕೆಂಪು ಗೆರೆಯಿತ್ತು, ಕುಂಕುಮದ ಕೆಂಪು. ಅದರ ಹಿಂದೆ ಉದ್ದನೆಯ ಕಪ್ಪು ಕೂದಲೊಂದು ನೇತಾಡುತ್ತ ಗೋಡೆಯ ಮೇಲೆ ಎಳೆದುಕೊಂಡು ಬರುತ್ತಿತ್ತು. ಆಯಿ ನೆಟ್ಟಗೆ ನಿಂತು ಸೆರಗನ್ನು ತಲೆಯ ಮೇಲೆ ಹೊದ್ದಳು.

"ಕೂದಲಾ ನೋಡಬೇ. ಇಷ್ಟ ಉದ್ದ ಕೂದಲ ಈ ಊರಾಗ ಯಾರಿಗೈತಿ? ಆಕಿ ಬಂದಾಳ. ಕುಂಕುಮಾ ಹಚ್ಕೊಂಡ ಬಂದಾಳ."

"ಆಯಿ, ಅದಕ್ಕ ಎರಡು ತಲಿ ಅದಾವ. ಈ ಕಡೇದು ಅವ್ವ ಆದ್ರ, ಆ ಕಡೇದು ಯಾರು?"

ಆಯಿ ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು, ಅಷ್ಟೇ. ಅವಳ ಕೈ ಆ ಗೋಡೆಗಿಂತ ತಣ್ಣಗಿತ್ತು.

ಮನೆಯ ಕೆಲಸ ನಿಂತೀತು ಎಂದು ಅದೇ ಮಳೆಗಾಲದಲ್ಲಿ ಅಪ್ಪನಿಗೆ ಎರಡನೆಯ ಮದುವೆ ಮಾಡಿದ್ದೂ ಆಯಿಯೇ. ನಿಪ್ಪಾಣಿಯ ಕಡೆಯ ಹೆಣ್ಣು, ಹೆಸರು ಮಾಲನ್, ನನಗೆ ಚಿಗವ್ವ. ತವರಿನಲ್ಲಿ ಎಲ್ಲರೂ ತಂಬಾಕಿನ ಕೆಲಸದವರು; ಅವಳ ಟ್ರಂಕನ್ನು ತೆರೆದಾಗ ಪಡಸಾಲೆಯೆಲ್ಲ ತಂಬಾಕಿನ ಘಾಟಿಗೆ ಸೀನಿತು. ಮರಾಠಿ ಬೆರೆಸಿ ಕನ್ನಡ ಮಾತಾಡುವಳು, ಮಗು ಎನ್ನುವ ಬದಲು ನನ್ನನ್ನು ಬಾಳಾ ಎನ್ನುವಳು, ಪ್ರತಿ ಪಲ್ಯಕ್ಕೂ ಶೇಂಗಾಪುಡಿ ಸುರಿಯುವಳು. ಕೂದಲು ಮಾತ್ರ ಗಿಡ್ಡ, ತೆಳ್ಳಗೆ, ಕೆಂಚು; ಜಡೆ ಹೆಣೆದರೆ ಇಲಿಯ ಬಾಲದಂತೆ ಬೆನ್ನಿನ ನಡುವಿಗೇ ಮುಗಿಯುತ್ತಿತ್ತು. ಸತ್ತ ಮೊದಲ ಹೆಂಡತಿಯ ಜಾಗಕ್ಕೆ ಬಂದವಳು ಅವಳ ಗುರುತನ್ನು ಕೊರಳಿಗೆ ಕಟ್ಟಿಕೊಳ್ಳಬೇಕು ಎಂಬ ಪದ್ಧತಿ ನಮ್ಮ ಗಡಿಯ ಕಡೆ ಇದೆ. ಹೆಣ್ಣಿನ ಮುಖ ಒತ್ತಿದ ಬೆಳ್ಳಿಯ ಸಣ್ಣ ಬಿಲ್ಲೆ, ಅದಕ್ಕೆ ಟಾಕು ಎನ್ನುತ್ತಾರೆ. ತಾಳಿಯ ಪಕ್ಕದಲ್ಲೇ ಅದು ಇರಬೇಕು. ಉಣ್ಣುವ ಮೊದಲು ಒಂದು ತುತ್ತು ತೆಗೆದು ಹಿರಿಯವಳಿಗೆ ಎಂದು ಬೇರೆ ಇಡಬೇಕು. ಚಿಗವ್ವ ಎಲ್ಲವನ್ನೂ ಮಾಡಿದಳು. ದಿನಾ ಎರಡು ಹೊತ್ತು ಫೋಟೋದ ಕೆಳಗೆ ತುತ್ತನ್ನಿಟ್ಟು, ಕೈಮುಗಿದು, ಆಮೇಲೆ ಅಡುಗೆಮನೆಯ ಹೊಸ್ತಿಲ ಒಳಗೆ ಕೂತು ಉಣ್ಣುವಳು. ಅವಳ ಅನ್ನ ಆರಿಯೇ ಹೋಗಿರುತ್ತಿತ್ತು.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು, ಅವಳ ಶೇಂಗಾಪುಡಿಯ ಮೇಲೆ ಪ್ರೀತಿಯಿತ್ತು. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಹೇನು ಹೆಕ್ಕಿ, ಸಿಕ್ಕು ಬಿಡಿಸಿದವಳು ಚಿಗವ್ವನೇ. ನೋಯದ ಹಾಗೆ ಕೂದಲ ಬುಡವನ್ನು ಒಂದು ಕೈಯಲ್ಲಿ ಹಿಡಿದು ಬಾಚುವಳು. ಅವ್ವ ಹಾಗೆ ಹಿಡಿಯುತ್ತಿರಲಿಲ್ಲ. ಕನ್ನಡಿಯಲ್ಲಿ ಅವಳ ಮುಖ, ಮೇಲೆ ಅವ್ವನ ಫೋಟೋ. ಹಾಯೆನಿಸಿ ಕಣ್ಣು ಮುಚ್ಚಿಕೊಂಡು ಕೂತಾಗಲೇ ಅವ್ವ ನೋಡುತ್ತಿದ್ದಾಳೆ ಎಂದು ನೆನಪಾಗಿ ತಲೆ ಕೊಡವಿ ಏಳುವೆ. ಚಿಗವ್ವ ನೆಲದ ಮೇಲೆ ಬಿದ್ದ ಕೂದಲನ್ನು ಮೆಲ್ಲಗೆ ಗುಡಿಸುವಳು.

ಹುಳಗಳು ಅವಳನ್ನು ಹುಡುಕಿಕೊಂಡು ಬರತೊಡಗಿದವು. ಉತ್ಪ್ರೇಕ್ಷೆಯ ಮಾತಲ್ಲ. ಮೊದಲು ಗೋಡೆಯ ತುಂಬ ಚದುರಿದ್ದವು ಈಗ ಕನ್ನಡಿಯ ಸುತ್ತ, ಅವಳು ಬಾಚಣಿಗೆ ಇಡುವ ಮಾಡದಲ್ಲಿ, ಅವಳು ಮಲಗುವ ಚಾಪೆಯ ಬದಿಯ ಗೋಡೆಯಲ್ಲಿ ಕೂಡಿದವು. ಅವಳ ಸೀರೆಯ ಮಡಿಕೆಯಲ್ಲಿ ಒಂದು, ದಿಂಬಿನ ಕೆಳಗೆ ಒಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೂದಿಬಣ್ಣದ ಪುಟ್ಟ ಪತಂಗಗಳು ಬರುತ್ತಿದ್ದವು, ಜೋಳದ ಕಾಳಿಗಿಂತ ತುಸು ಉದ್ದ, ರೆಕ್ಕೆಯ ಮೇಲೆ ಮಸಿಯ ಚುಕ್ಕೆ, ರೆಕ್ಕೆಯ ಅಂಚಿಗೆ ಕೂದಲಿನ ಕುಚ್ಚು. ಅವು ದೀಪಕ್ಕೆ ಬೀಳುತ್ತಿರಲಿಲ್ಲ. ಅವ್ವನಿಗೆಂದು ತೆಗೆದಿಟ್ಟ ತುತ್ತಿನ ಸುತ್ತ ಹರಿದಾಡಿ, ಅನ್ನದ ಮೇಲೆ ಕೂತು, ಏನನ್ನೂ ಮುಟ್ಟದೆ ಎದ್ದು ಹೋಗುವವು. ಆಯಿ ಅದನ್ನು ನೋಡಿ ಚಿಗವ್ವನಿಗೆ ಕೇಳುವಂತೆಯೇ ಅಂದಳು:

"ಉಣ್ಣಾಕ ಒಲ್ಲಳು ಆಕಿ. ನಿನ್ನ ಕೈಯಾಂದು ಒಲ್ಲಳು."

ಒಂದು ಮುಂಜಾನೆ ಚಿಗವ್ವ ಜಡೆ ಬಿಚ್ಚುತ್ತಿದ್ದಾಗ ಕೂದಲಿನಿಂದ ಕೈಗೆ ಏನೋ ಹತ್ತಿತು. ತೆಗೆದು ನೋಡಿದರೆ ಕೆಂಪು ಅಂಚಿನ ಚೀಲ, ಅದಕ್ಕೆ ಸುತ್ತಿಕೊಂಡ ಉದ್ದನೆಯ ಕಪ್ಪು ಕೂದಲು. ಚೀಲದಿಂದ ತಲೆ ಹೊರಗೆ ಬಂದು ಅವಳ ಬೆರಳಿನ ಮೇಲೆ ಕಾಲೂರಿತು.

"ಅಗಬಾಯಿ! ಹೆಂತಾದ್ರಿ ಇದು, ಅತ್ಯಾ, ನನ್ನ ತಲ್ಯಾಗ!"

ಅವಳು ಕೊಡವಿದ್ದು ಅಪ್ಪನ ಕಾಲ ಬಳಿ ಬಿತ್ತು. ಅಪ್ಪ ಹೊಲಕ್ಕೆ ಹೊರಟವನು, ಚಪ್ಪಲಿ ಮೆಟ್ಟಿ ನಿಂತಿದ್ದ. ನನ್ನ ಅಪ್ಪ ಮಾತಿನಲ್ಲಿ ಬಹಳ ಮಿತ. ಇದ್ದ ನಾಲ್ಕು ಮಾತನ್ನೂ ಎಮ್ಮೆಗಳಿಗೆ ಖರ್ಚು ಮಾಡುವವನು. ಅವತ್ತು ಮಾತ್ರ ದನಿ ಎತ್ತಿದ.

"ಹುಳಾ ಅದು, ಯವ್ವಾ. ಬರೇ ಹುಳಾ. ಇಷ್ಟಕ್ಕ ಮನ್ಯಾಗ ರಂಪ ಮಾಡಬ್ಯಾಡ್ರಿ."

"ಹುಳಾ ಐತಿ ಹೌದಲ್ಲೋ? ಹಂಗಾರ ಚಪ್ಪಲಿ ಮೆಟ್ಟಿ ನಿಂತೀದಿ, ತುಳದ ತೋರಸು," ಎಂದಳು ಆಯಿ.

ಅಪ್ಪ ಕಾಲೆತ್ತಿದ. ಕೆಳಗೆ ಆ ಚೀಲ ನೆಲದ ಮೇಲೆ ತನ್ನ ಉದ್ದನೆಯ ಕೂದಲನ್ನು ಎಳೆದುಕೊಂಡು ಗೋಡೆಯ ಕಡೆ ಹೊರಟಿತ್ತು. ಎತ್ತಿದ ಕಾಲು ಹಾಗೆಯೇ ನಿಂತಿತು. ಆಮೇಲೆ ಅವನು ಕಾಲನ್ನು ಪಕ್ಕಕ್ಕೆ, ಅದಕ್ಕೆ ತಾಗದ ಹಾಗೆ, ಮೆಲ್ಲಗೆ ಊರಿದ. ಚಿಗವ್ವ ಅದನ್ನು ನೋಡಿದಳು. ಹುಳ ಜಡೆಯಲ್ಲಿ ಸಿಕ್ಕಾಗ ಬಾರದ ಅಳು ಅವಳಿಗೆ ಆಗ ಬಂತು.

"ಘಟಾ ಹಾಕೂದ್ರೊಳಗ ಈಕಿನ ತವರಮನಿಗೆ ಕಳಿಸಿಬಿಡು," ಎಂದಳು ಆಯಿ. "ಆಕಿ ಶಾಂತ ಆಗೂಮಟ ಅಲ್ಲೇ ಇರಲಿ. ಆಕಿ ಶಾಂತ ಆಗಲಿಲ್ಲಂದ್ರ ಅಲ್ಲೇ ಇದ್ದು ಬಿಡಲಿ."

ದಸರೆಯ ಘಟ ಹಾಕುವುದಕ್ಕೆ ಇನ್ನು ಕೆಲವೇ ದಿನ ಉಳಿದಿದ್ದವು. ಅಪ್ಪ ನಿಪ್ಪಾಣಿಯ ಕಡೆ ಹೋಗುವ ಟ್ರಕ್ಕಿನವನ ಕೈಯಲ್ಲಿ ಅವಳ ಅಣ್ಣನಿಗೆ, ಬಂದು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದ. ಹಾಗೆ ಹೋದ ಹೆಣ್ಣು ತಿರುಗಿ ಬರುವುದಿಲ್ಲ ಎಂಬುದು ನನ್ನ ವಯಸ್ಸಿನವಳಿಗೂ ತಿಳಿಯುವ ಮಾತಾಗಿತ್ತು.

ಇಷ್ಟರಲ್ಲಿ ನಾನು ಮಧ್ಯಾಹ್ನಗಳನ್ನು ಗೋಡೆಯ ಜೊತೆ ಕಳೆಯುವವಳಾಗಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಣೆಯ ಮೇಲೆ ನಿಂತು ಅವ್ವನ ಜೊತೆ ಮಾತಾಡುವೆ. ಶಾಲೆಯಲ್ಲಿ ಏನಾಯಿತು, ಯಾವ ಎಮ್ಮೆ ಒದ್ದಿತು, ಏನು ಪಲ್ಯ. ಹುಳ ತಲೆ ಹೊರಗೆ ಹಾಕಿ ಕೇಳಿಸಿಕೊಳ್ಳುವ ಹಾಗೆ ನಿಲ್ಲುತ್ತಿತ್ತು. ಅಪ್ಪ ಹೇಳಿಕಳಿಸಿದ ದಿನ ಮಧ್ಯಾಹ್ನ ನಾನು ಕೇಳಬಾರದ್ದನ್ನು ಕೇಳಿದೆ.

"ಅವ್ವಾ, ಚಿಗವ್ವ ಇರಬೇಕೋ ಹೋಗಬೇಕೋ? ಇರಬೇಕಂದ್ರ ಈ ಕಡಿಂದ ತಲಿ ಹೊರಗ ಹಾಕು. ಹೋಗಬೇಕಂದ್ರ ಆ ಕಡಿಂದ."

ಬಹಳ ಹೊತ್ತು ಚೀಲ ಅಲುಗಾಡಲಿಲ್ಲ. ಹಿಂದೆ ಕಬ್ಬಿನ ಗರಿಗಳು ಗೋಡೆಯನ್ನು ಸವರುತ್ತಿದ್ದವು. ಕೊಟ್ಟಿಗೆಯಲ್ಲಿ ಎಮ್ಮೆಯ ಮೆಲುಕೂ ನಿಂತಿತು. ಆಮೇಲೆ ಕಂದು ತಲೆ ಬಲಗಡೆಯಿಂದ, 'ಹೋಗಬೇಕು' ಎಂದು ನಾನಿಟ್ಟ ಕಡೆಯಿಂದ ಬಂತು. ನನಗೆ ಸಂತೋಷವಾಗಬೇಕಿತ್ತು. ಅವ್ವ ಒಬ್ಬಳೇ ಮತ್ತೆ ನನ್ನವಳಾಗುತ್ತಿದ್ದಳಲ್ಲ. ಬದಲಿಗೆ ಬ್ಯಾಡವ್ವಾ, ಬ್ಯಾಡ ಎಂದು ಗೋಡೆಗೆ ಹಣೆಯಿಟ್ಟು ಅಳುತ್ತ ನಿಂತೆ. ತಲೆ ಎತ್ತಿ ನೋಡಿದಾಗ ಬಲಗಡೆ ಖಾಲಿಯಿತ್ತು, ತಲೆ ಎಡಗಡೆಯಿಂದ ಹೊರಗೆ ಬಂದಿತ್ತು. ಚೀಲದೊಳಗೆ ಅದು ತಿರುಗುವಷ್ಟು ಜಾಗ ಇರುತ್ತದೆ, ಎರಡೂ ತುದಿಗೆ ಬಾಗಿಲಿರುತ್ತದೆ ಎಂದು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ಹಣೆಗೆ ಆ ಗೋಡೆಯ ತಂಪು ಹತ್ತುತ್ತಿತ್ತು.

ಘಟಸ್ಥಾಪನೆಗೆ ಮೊದಲು ನಮ್ಮ ಕಡೆ ಮನೆಯನ್ನೆಲ್ಲ ಬಿಚ್ಚಿ ತೊಳೆಯುತ್ತಾರೆ. ಹಾಸಿಗೆ ಹೊದಿಕೆ ಒಂದೂ ಬಿಡದೆ ನದಿಗೆ ಹೋಗುತ್ತವೆ, ಗೋಡೆಗಳಿಗೆ ಸುಣ್ಣ ಬೀಳುತ್ತದೆ. ಅಪ್ಪ ಆಯಿಯನ್ನೂ ಕೌದಿಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಕೃಷ್ಣೆಗೆ ಹೋದ. ಸುಣ್ಣದ ಕೆಲಸ ಚಿಗವ್ವನ ಪಾಲಿಗೆ ಬಂತು. ಮರುದಿನವೇ ಅವಳ ಅಣ್ಣ ಬರುವವನಿದ್ದ, ಅವಳ ಟ್ರಂಕು ಬಾಗಿಲ ಬಳಿ ಸಿದ್ಧವಾಗಿತ್ತು. ಬಿಟ್ಟುಹೋಗುವ ಮನೆಗೆ ಇಷ್ಟು ಒಪ್ಪವಾಗಿ ಯಾಕೆ ಸುಣ್ಣ ಹಚ್ಚುತ್ತಾಳೆ ಎಂದು ನನಗೆ ಸಿಟ್ಟು ಬಂದಿತ್ತು. ಕನ್ನಡಿಯನ್ನು ತೆಗೆದಿಟ್ಟಳು. ಸ್ಟೂಲು ಹತ್ತಿ, ಕೈಮುಗಿದು, ಅವ್ವನ ಫೋಟೋವನ್ನು ಎತ್ತಿ ತೆಗೆದಳು. ತೂಗುಹಾಕಿದ ಮೇಲೆ ಅದನ್ನು ಯಾರೂ ಕೆಳಗಿಳಿಸಿರಲಿಲ್ಲ. ಅವಳ ಕೈ ಹಾಗೆಯೇ ನಿಂತಿತು.

"ಬಾಳಾ, ಇಲ್ಲಿ ಬಾ. ಅಂಜಬ್ಯಾಡ, ನಾ ಅದೀನಿ."

ಫೋಟೋದ ಹಿಂದೆ ಆ ಗೂಟದ ತೂತಿತ್ತು. ಅದರ ಬಾಯಿಂದ ಕೂದಲು ಹೊರಗೆ ಇಳಿಬಿದ್ದಿತ್ತು, ಗೋಡೆಗೇ ಕೂದಲು ಬೆಳೆದ ಹಾಗೆ. ಚಿಗವ್ವ ಬೆರಳು ಹಾಕಿ ಎಳೆದಳು. ಬಂತು, ಬರುತ್ತಲೇ ಇತ್ತು. ಉಂಡೆಗಳು ಒಂದಕ್ಕೊಂದು ಅಂಟಿ ಹೆಣೆದುಕೊಂಡು ಎರಡು ಬೊಗಸೆ ತುಂಬುವಷ್ಟು ಹೊರಬಿತ್ತು, ಒದ್ದೆ, ಕಪ್ಪು. ಅದರ ತುಂಬ ಜೀವವಿತ್ತು. ಎಳ್ಳಿಗಿಂತ ಸಣ್ಣ ಚೀಲಗಳು, ದೊಡ್ಡ ಚೀಲಗಳು, ಕೂದಲನ್ನು ಕಚ್ಚಿಕೊಂಡ ಕಂದು ತಲೆಗಳು. ತೂತಿನ ಅಂಚಿಗೆ ತಲೆಕೆಳಗಾಗಿ ಜೋತುಬಿದ್ದು ಕೋಶ ಕಟ್ಟಿದಂಥವು, ಪತಂಗ ಹಾರಿಹೋದ ಮೇಲೆ ಬಾಯಲ್ಲಿ ತೆಳು ಸಿಪ್ಪೆ ಸಿಕ್ಕಿಸಿಕೊಂಡು ಖಾಲಿ ಉಳಿದಂಥವು. ಆಯಿ ಹಚ್ಚಿದ ಕುಂಕುಮ ಗಾಜಿನಿಂದ ಉದುರಿ ಉದುರಿ ಗೋಡೆಯ ಬಿರುಕಿನಲ್ಲಿ ಕೆಂಪಗೆ ಕೂಡಿತ್ತು. ಮೇಲಿಂದ ಇಳಿಯುವ ಹುಳಗಳೆಲ್ಲ ಅದರ ಮೇಲೆ ಹಾದು ತಮ್ಮ ಮನೆಗೆ ಅದನ್ನೂ ಮೆತ್ತಿಕೊಳ್ಳುತ್ತಿದ್ದವು. ಅಂದು ಗೋಡೆಯ ಮೇಲೆ ಕಂಡಷ್ಟು ಪೂರ್ತಿಯಾಗಿ ಆ ಚಕ್ರವನ್ನು ನಾನು ಯಾವ ಪುಸ್ತಕದಲ್ಲೂ ಆಮೇಲೆ ನೋಡಲಿಲ್ಲ.

"ಯಾರದಿದು?" ಎಂದಳು ಚಿಗವ್ವ. ಕೇಳುವಾಗಲೇ ಅವಳಿಗೆ ಗೊತ್ತಿತ್ತು.

"ಅವ್ವಂದು. ಡಬ್ಬಿ ತಗೊಳ್ಳಾಕ ಕೂಡಿಸಿಟ್ಟಿದ್ಲು."

ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವಳು ಆ ಕಡೆ ನೋಡಿದಳು.

"ಇದನ್ನ ಒಲಿಗೆ ಹಾಕಿದ್ರ ಈ ಗ್ವಾಡಿಗೆ ಇನ್ನ ಒಂದು ಹುಳಾ ಬರೂದಿಲ್ಲ ಬಾಳಾ. ನಾನೂ ಎಲ್ಲೂ ಹೋಗೂದು ಬ್ಯಾಡ."

ಅವಳು ಹೇಳಿದ್ದು ಸರಿಯಿತ್ತು. ಅವಳು ಉಳಿಯಲಿ ಎಂದು ನಾನು ಗೋಡೆಗೆ ಹಣೆಯಿಟ್ಟು ಅತ್ತವಳು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

"ಅವ್ವನೂ ಬರೂದಿಲ್ಲ ಆಗ."

ಚಿಗವ್ವ ಸ್ಟೂಲಿನ ಮೇಲೆ ಬೊಗಸೆ ಹಿಡಿದು ನಿಂತೇ ಇದ್ದಳು. ಆಯಿ ಬಂದದ್ದು ಆಗ. ತೊಳೆದ ಕೌದಿಗಳ ಗಾಡಿ ಬಾಗಿಲಲ್ಲಿ ನಿಂತಿತ್ತು. ಅವಳು ಹೊಸ್ತಿಲಲ್ಲೇ ನಿಂತು, ಫೋಟೋ ಕೆಳಗಿರುವುದನ್ನು, ಸೊಸೆಯ ಕೈಯಲ್ಲಿರುವುದನ್ನು ನೋಡಿದಳು. ಬೈಗುಳ ಬರುತ್ತದೆ ಎಂದು ನಾನು ಕಿವಿ ಮುಚ್ಚಿಕೊಂಡೆ.

"ಅತ್ಯಾ, ಹುಳಾ ಇದ್ರಾಗಿಂದ ಬರತಾವ್ರಿ," ಎಂದಳು ಚಿಗವ್ವ. ಅದರಲ್ಲಿ ಗೆದ್ದ ದನಿ ಇರಲಿಲ್ಲ.

ಆಯಿ ಬಂದು ಕೈಚಾಚಿದಳು. ಕೂದಲನ್ನು ಕಣ್ಣಿನ ಹತ್ತಿರ ಹಿಡಿದಳು, ಮೂಗಿನ ಹತ್ತಿರ ಹಿಡಿದಳು. ಅವಳ ಮುಖದಲ್ಲಿ ಸಿಟ್ಟೆಂದು ನಾನು ಇಷ್ಟು ದಿನ ತಿಳಿದದ್ದು ಸಿಟ್ಟಾಗಿರಲಿಲ್ಲ ಎಂದು ಅಂದು ತಿಳಿಯಿತು. ಸತ್ತ ಸೊಸೆ ಬಂದಿದ್ದಾಳೆ ಎಂದು ಅವಳು ಹೆದರಿದ್ದಕ್ಕಿಂತ ಹೆಚ್ಚಾಗಿ ಆಸೆಪಟ್ಟಿದ್ದಳು.

"ಸೀಗಿಕಾಯಿ ವಾಸನಿ ಇನ್ನೂ ಐತಿ ನೋಡು," ಎಂದಳು. "ಸಣ್ಣ ಡಬ್ಬಿ ತಗೋತೀನಿ ಅತ್ಯಾ ಅಂದಿದ್ಲು. ಇನ್ನೊಂದೀಟ ಕೂಡಲಿ, ದೊಡ್ಡದ ತಗೊಳ್ಳೀಯಂತ ಅಂತ ನಾನ ಬ್ಯಾಡಂದೆ. ನಾನ ಬ್ಯಾಡಂದೆ."

ನಾನೂ ಮೂಗಿಟ್ಟು ನೋಡಿದೆ. ನನಗೆ ಮಣ್ಣಿನ ವಾಸನೆ ಬಂತು. ಚಿಗವ್ವನೂ ಮೂಸಿದಳು. ಅವಳಿಗೆ ಏನು ವಾಸನೆ ಬಂತೆಂದು ಮುಂದೆ ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಆಯಿ ಕೂದಲನ್ನು ಅವಳ ಕೈಗೆ ಮರಳಿಸಿದಳು.

"ನಿನ್ನ ಕೈಗೆ ಸಿಕ್ಕೈತಿ. ಏನ ಮಾಡ್ತಿ ಮಾಡು."

ಒಲೆ ಅಲ್ಲೇ ಇತ್ತು. ಚಿಗವ್ವ ಮತ್ತೆ ಸ್ಟೂಲು ಹತ್ತಿ, ಕೂದಲನ್ನೆಲ್ಲ ಮೆಲ್ಲಗೆ, ಹುಳಗಳು ಜಜ್ಜಿಹೋಗದ ಹಾಗೆ, ಆ ತೂತಿಗೆ ತುರುಕಿದಳು. ಇಳಿದು ಬಂದು ತನ್ನ ಗಿಡ್ಡ ಜಡೆಯನ್ನು ಬಿಚ್ಚಿ ಬಾಚಿದಳು. ಬಾಚಣಿಗೆಗೆ ಬಂದ ಕೆಂಚು ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಅದನ್ನೂ ತೂತಿಗೆ ಇಟ್ಟಳು. ತಾಳಿಯ ಪಕ್ಕದ ಟಾಕನ್ನು ಹಣೆಗೆ ಒತ್ತಿಕೊಂಡಳು. ತೂತಿನ ಸುತ್ತ ಒಂದು ಗೇಣು ಜಾಗ ಬಿಟ್ಟು ಉಳಿದ ಗೋಡೆಗೆ ಸುಣ್ಣ ಹಚ್ಚಿ ಮುಗಿಸಿದಳು.

ಅವತ್ತಿನ ಊಟ ನನಗೆ ನೆನಪಿದೆ. ಜೋಳದ ರೊಟ್ಟಿ, ಶೇಂಗಾಪುಡಿ ಸುರಿದ ಬದನೆಕಾಯಿ ಪಲ್ಯ. ಚಿಗವ್ವ ತುತ್ತನ್ನು ತೆಗೆದಿಡಲು ಎದ್ದಾಗ ಆಯಿ ಅವಳ ಸೆರಗನ್ನು ಹಿಡಿದು ಕೂಡಿಸಿದಳು.

"ಕುಂಡ್ರು. ಬಿಸಿ ಅದಾವು, ಮೊದಲ ನೀ ತಿನ್ನು. ಆಕಿಗೆ ನಾ ಇಡ್ತೀನಿ."

ಮರುದಿನ ಅವಳ ಅಣ್ಣ ಬಂದ. ಆಯಿ ಅವನಿಗೆ ಮಜ್ಜಿಗೆ ಕೊಟ್ಟು, ಬಾಗಿಲ ಬಳಿಯಿದ್ದ ಟ್ರಂಕನ್ನು ತಾನೇ ಎಳೆದು ಒಳಗೆ ಸರಿಸಿ, ಏನೂ ತಿಳಿಯದವಳ ಹಾಗೆ ಕೇಳಿದಳು:

"ಹಬ್ಬಾ ಬಂದೈತಿ, ಮನೀ ಸೊಸಿನ ಎಲ್ಲಿಗೆ ಕರಕೊಂಡ ಹೊಂಟೀಯಪಾ? ಉಂಡ ಹೋಗು, ಬಾ."

ಅವನು ಉಂಡು ಹೋದ. ಅಪ್ಪ ಕೊಟ್ಟಿಗೆಯಲ್ಲಿ ಎಮ್ಮೆಗಳ ಜೊತೆ ಬಹಳ ಹೊತ್ತು ಮಾತಾಡಿದ.

ಹುಳಗಳು ಹೋಗಲಿಲ್ಲ. ಹೋಗಲು ಯಾರೂ ಹೇಳಲೂ ಇಲ್ಲ. ಚಿಗವ್ವ ಬಾಚಿಕೊಂಡಾಗಲೆಲ್ಲ ಒಂದು ಉಂಡೆ, ನನ್ನದೊಂದು ಉಂಡೆ, ಆಮೇಲಾಮೇಲೆ ಆಯಿಯ ಬೆಳ್ಳಗಿನದೂ ಒಂದು. ಓಣಿಗೆ ಕೂದಲಿನವನು ಬಂದರೆ ನಮ್ಮ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ತಮ್ಮ ಹುಟ್ಟಿದ, ಅವನ ಜಾವಳದ ಕೂದಲೂ ಒಂದಿಷ್ಟು ಅಲ್ಲಿಗೆ ಸೇರಿತು. ನಾನು ಓದಿ, ಅಥಣಿಯಲ್ಲಿ ಮೇಷ್ಟ್ರಿಣಿಯಾಗಿ, ಆ ಹುಳಕ್ಕೆ ನಾಲಿಗೆ ಹೊರಳದ ಹೆಸರೊಂದಿದೆ ಎಂದು ತಿಳಿದೆ. ಸೆಕೆ ಮತ್ತು ತೇವ ಇರುವಲ್ಲೆಲ್ಲ, ಕಡಲಾಚೆಯ ದೇಶಗಳಲ್ಲೂ, ಈ ಜಾತಿಯವು ಮನೆಗಳ ಗೋಡೆಯ ಮೇಲೆ ಬಾಳುತ್ತವೆ. ಒಣ ಮನೆ ಅವಕ್ಕೆ ಆಗದು. ಹಳೆಯ ಜೇಡರ ಬಲೆ, ಉಣ್ಣೆ, ಉದುರಿದ ಕೂದಲು ಅವುಗಳ ಆಹಾರ. ಅದಕ್ಕೇ ಹೆಂಗಸು ತಲೆ ಬಾಚುವ ಜಾಗಕ್ಕೆ ಹುಡುಕಿಕೊಂಡು ಬರುತ್ತವೆ. ಪತಂಗವಾದ ಮೇಲೆ ಏನನ್ನೂ ತಿನ್ನುವುದಿಲ್ಲ, ಮೊಟ್ಟೆಯಿಟ್ಟು ಸಾಯುತ್ತದೆ. ತಮ್ಮನ ಮಗಳು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, ಇದರಾಗ ಭೂತ ಎಲ್ಲೈತಿ ಅತ್ತೆ ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಚಿಗವ್ವ ಈ ಮಳೆಗಾಲದ ಮೊದಲು ಹೋದಳು. ಆಯಿಯೂ ಅಪ್ಪನೂ ಹೋಗಿ ಎಷ್ಟೋ ಕಾಲವಾಗಿದೆ. ನನ್ನ ತಮ್ಮ ಹಳೆಯ ಮನೆಯನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದಾಗ ಆ ಒಂದು ಗೋಡೆಯನ್ನು ಮುಟ್ಟಲು ಚಿಗವ್ವ ಬಿಟ್ಟಿರಲಿಲ್ಲ. ಹೊಸ ಟೈಲ್ಸಿನ ಮನೆಯೊಳಗೆ ಒಂದು ಮಣ್ಣಿನ ಗೋಡೆ, ಅದಕ್ಕೆ ಕನ್ನಡಿ, ಮೇಲೆ ಅವ್ವನ ಫೋಟೋ. ಈಗ ಅದರ ಪಕ್ಕ ಚಿಗವ್ವನದು. ದಿನಕರ್ಮ ಮುಗಿದ ಮರುದಿನ ಮಧ್ಯಾಹ್ನ ನಾನು ಅಲ್ಲಿ ಒಬ್ಬಳೇ ಕೂತಿದ್ದೆ. ತಮ್ಮ ಬಂದು ಬಾಗಿಲಿಗೆ ಒರಗಿ ನಿಂತ. ಅವನೂ ಅಪ್ಪನ ಹಾಗೆಯೇ, ಮಾತು ಕಡಿಮೆ.

"ಅಕ್ಕಾ, ಗೌಂಡಿಗೆ ನಾಳೆ ಬಾ ಅಂದೀನಿ. ಇನ್ನ ಈ ಗ್ವಾಡಿ ತಗದ ಬಿಡೂನಲ್ಲ? ಇಡೀ ಮನಿಗೆ ತಂಪ ಹತ್ತಾಕತ್ತೈತಿ."

ಹ್ಞೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕನ್ನಡಿಯ ಅಂಚಿನಲ್ಲಿ ಬೂದಿಬಣ್ಣದ ಚೀಲವೊಂದು ಸರಿಯಿತು. ಅದರ ಹಿಂದೆ ಉದ್ದನೆಯ ಕೂದಲೊಂದು ಗೋಡೆಯ ಮೇಲೆ ಎಳೆದುಕೊಂಡು ಬರುತ್ತಿತ್ತು. ಕಪ್ಪು, ಕಾಡಿಗೆಯ ಕಪ್ಪು. ಆ ಮನೆಯಲ್ಲಿ ಅಷ್ಟು ಉದ್ದ ಕೂದಲಿನವರು ಈಗ ಯಾರೂ ಇಲ್ಲ. ತಮ್ಮನ ಹೆಂಡತಿಗೂ ಮಗಳಿಗೂ ಹೆಗಲ ಮಟ್ಟಕ್ಕೆ ಕತ್ತರಿಸಿದ್ದು. ಅವ್ವನದು ಇಷ್ಟು ವರ್ಷ ಉಳಿಯುವ ಮಾತಲ್ಲ, ಹುಳಗಳ ಎಷ್ಟೋ ಪೀಳಿಗೆ ಅದನ್ನು ತಿಂದು ಮುಗಿಸಿರಬೇಕು. ಗೋಡೆಯ ಆಳದಲ್ಲೆಲ್ಲೋ ಒಂದಿಷ್ಟು ಸಿಕ್ಕಿಕೊಂಡು ಉಳಿದಿರಬಹುದು ಎಂದು ವಿಜ್ಞಾನದ ಮೇಷ್ಟ್ರಿಣಿ ಒಳಗಿನಿಂದ ಹೇಳಿದಳು. ಇರಬಹುದು.

ಚೀಲ ನಿಂತಿತು. ಕಂದು ತಲೆ ಈ ತುದಿಯಿಂದ ಹೊರಗೆ ಬಂದು, ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಆ ತುದಿಯಿಂದ ಬಂತು. ಈ ಕಡೆಯವಳು ಯಾರು, ಆ ಕಡೆಯವಳು ಯಾರು ಎಂದು ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಎದ್ದು ಮಾಡದಲ್ಲಿದ್ದ ಚಿಗವ್ವನ ಬಾಚಣಿಗೆಯನ್ನು ತೆಗೆದುಕೊಂಡು ತುರುಬು ಬಿಚ್ಚಿ ಬಾಚಿದೆ. ಬಂದ ನಾಲ್ಕು ಬಿಳಿ ಕೂದಲನ್ನು ಬೆರಳಿಗೆ ಸುತ್ತಿ, ಅವ್ವನ ಫೋಟೋವನ್ನು ಸರಿಸಿ, ತೂತಿಗೆ ಇಟ್ಟೆ. ಒಳಗೆ ಬೆರಳಿಗೆ ತಣ್ಣಗೆ, ಮೆತ್ತಗೆ ಏನೋ ತಾಗಿತು. ಕೈ ಹಿಂದಕ್ಕೆ ತೆಗೆಯಬೇಕೆಂದು ನನಗೆ ಅನ್ನಿಸಲಿಲ್ಲ.

ತಮ್ಮ ನೋಡುತ್ತ ನಿಂತಿದ್ದ. ಮೊಬೈಲು ತೆಗೆದುಕೊಂಡು ಅಂಗಳಕ್ಕೆ ಹೋದ. ಅವನ ದನಿ ಒಳಗೆ ಕೇಳಿಸಿತು:

"ಗೌಂಡಿ, ನಾಳೆ ಬರಬ್ಯಾಡಪಾ. ಆ ಗ್ವಾಡಿ ಹಂಗ ಇರಲಿ."